ಬೆವರದ ಮೈ

ಒಲೆಯ ಬಾಯಿಂದ ಹದಿನೆಂಟನೆಯ ತಟ್ಟೆ ಎಳೆಯುವಾಗ ತಂಪಣ್ಣನಿಗೆ ಕಣ್ಣು ಕತ್ತಲಿಟ್ಟಿತು. ಬ್ರೆಡ್ಡುಗಳು ಒಂದು ಕಡೆ, ಅವನು ಒಂದು ಕಡೆ ಬಿದ್ದ. ಹಿಟ್ಟು ನಾದುತ್ತಿದ್ದ, ಬೇಕರಿಯವರೆಲ್ಲ ಅಕ್ಕ ಎಂದೇ ಕರೆಯುವ ಹೆಂಗಸು ಓಡಿ ಬಂದು ಹಣೆ ಮುಟ್ಟಿದವಳೇ ಕೈ ಹಿಂದಕ್ಕೆಳೆದುಕೊಂಡಳು. ಕಾದ ಹೆಂಚಿನ ಹಾಗಿತ್ತು.

ಬೇಕರಿಯಲ್ಲಿ ಮಿಕ್ಕವರೆಲ್ಲ ಮಧ್ಯಾಹ್ನದೊಳಗೆ ತೊಯ್ದು ತೊಪ್ಪೆಯಾಗುತ್ತಿದ್ದರು. ಅವನ ಮೈಮೇಲೆ ಮಾತ್ರ ಒಂದು ಹನಿ ಬೆವರು ಮೂಡುತ್ತಿರಲಿಲ್ಲ. ತಂಪಣ್ಣ ಅನ್ನುವ ಹೆಸರು ಬಿದ್ದದ್ದೇ ಹಾಗೆ. ಹನ್ನೊಂದು ವರ್ಷದಿಂದ ಅವನಿಗೂ ಅದೊಂದು ಹೆಮ್ಮೆ. ತಲೆ ಸಿಡಿದರೆ, ಕಾಲು ನಡುಗಿದರೆ, ಯಾರಿಗೂ ಹೇಳದೆ ನಲ್ಲಿಯ ಕೆಳಗೆ ತಲೆಯೊಡ್ಡಿ ಬರುತ್ತಿದ್ದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬೆನ್ನಿಗೆ ಔಷಧಿ ಬಳಿದು, ಪುಡಿ ಉದುರಿಸಿ, ಬೆಚ್ಚನೆಯ ಕೋಣೆಯಲ್ಲಿ ಕೂರಿಸಿದರು. ಬೆವರಿದ ಕಡೆ ಪುಡಿ ಕಪ್ಪಾಗಬೇಕಿತ್ತು. ಕಂಕುಳ ಹತ್ತಿರ ಎರಡು ಚುಕ್ಕೆ ಬಿಟ್ಟರೆ ಎಲ್ಲೂ ಬಣ್ಣ ತಿರುಗಲಿಲ್ಲ.

"ಬೆವರಿದ್ರೇನೇ ಮೈ ತಣ್ಣಗಾಗೋದು. ನಿಮಗೆ ಶಾಖ ಒಳಗೇ ಉಳ್ಕೊಳ್ಳುತ್ತೆ," ಎಂದರು.

"ಬೆವರು ಬರೋಕೆ ಮಾತ್ರೆ ಇಲ್ವಾ ಮೇಡಂ?"

"ನಿಮ್ಮದಕ್ಕೆ ಸದ್ಯಕ್ಕಿಲ್ಲ. ಬೆವರಿನ ಕೆಲಸ ನೀರಿನ ಕೈಲಿ ಮಾಡಿಸ್ಬೇಕು. ಒದ್ದೆ ಬಟ್ಟೆ, ಗಾಳಿ, ಆಗಾಗ ವಿಶ್ರಾಂತಿ. ಒಲೆ ಮುಂದೆ ನಿಲ್ಲೋ ಹಾಗಿಲ್ಲ. ಜೊತೆಯವರಿಗೂ ಹೇಳಿಡಿ."

ವಾರ ಕಳೆದು ಬೇಕರಿಗೆ ಬಂದವನು ಯಾರಿಗೂ ಹೇಳಲಿಲ್ಲ. ನೇರ ಒಲೆಯ ಬಳಿ ಹೋಗಿ ತಟ್ಟೆ ಎಳೆಯುವ ಉದ್ದ ಹಿಡಿಯ ಸಲಿಕೆ ಎತ್ತಿಕೊಂಡ.

"ಡಾಕ್ಟರು ಏನಂದ್ರು?" ಹಿಂದಿನಿಂದ ಅಕ್ಕ ಕೇಳಿದಳು.

"ಏನಿಲ್ಲ, ಸುಸ್ತಂತೆ."

"ನಿನ್ನ ಹಣೆ ಮುಟ್ಟಿದೋಳು ಕಣೋ ನಾನು. ನನ್ನ ಕಿವಿಗೇ ಹೂವಿಡ್ತೀಯಾ?"

ಅವನು ಸಲಿಕೆಯನ್ನು ಗೋಡೆಗೆ ಒರಗಿಸಿದ. "ನಂಗೆ ಬೆವರೇ ಬರಲ್ವಂತೆ ಅಕ್ಕಾ. ಇಲ್ಲೇ ನಿಂತ್ರೆ ಒಂದಿನ ಬಿದ್ದೋನು ಏಳೋದೇ ಇಲ್ವಂತೆ."

ಯಾರೂ ನಗಲಿಲ್ಲ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಬೇಕರಿಯ ಯಜಮಾನ ಕತ್ತು ಕೆರೆದುಕೊಂಡ. "ಹಿಟ್ಟು ನಾದೋಕೆ ಬರುತ್ತೇನಯ್ಯಾ?"

"ಕಲೀತೀನಿ."

"ಕಿಟಕಿ ಪಕ್ಕದ ನನ್ನ ಜಾಗ ತಗೋ," ಎಂದು ಅಕ್ಕ ಸೆರಗು ಸಿಕ್ಕಿಸಿಕೊಂಡಳು. "ಒಲೆ ನಂಗಿರಲಿ ಯಜಮಾನ್ರೇ. ನನ್ನ ಮೈಲಿ ಬೆವರಿಗೇನು ಬರ!"

ಸಂಜೆ ಅವನು ನಾದಿದ ಮೊದಲ ಬ್ರೆಡ್ಡು ಒಂದು ಕಡೆ ವಾಲಿಕೊಂಡು ಹೊರಬಂತು. ಅಕ್ಕ ಅದನ್ನು ಮುರಿದು ಅರ್ಧ ಅವನ ಮುಂದಿಟ್ಟಳು. ಹಬೆ ಏಳುತ್ತಿತ್ತು. ಕಿಟಕಿಯಿಂದ ಬಂದ ಗಾಳಿ ನೀರಲ್ಲಿ ನೆನೆಸಿ ತೊಟ್ಟ ಅಂಗಿಯನ್ನು ಹಾದು ಅವನ ಬೆನ್ನನ್ನು ತಣ್ಣಗೆ ತಾಕಿತು; ತೋಳಿನ ರೋಮಗಳು ಒಂದೊಂದಾಗಿ ನೆಟ್ಟಗಾದವು.