ಕೆಮ್ಮು ಮುಚ್ಚಿಡದ ನರಸಮ್ಮ

ಅಮೃತೂರಿನ ನರಸಮ್ಮನಿಗೆ ಕೆಮ್ಮು ಶುರುವಾಗಿ ಮೂರು ವಾರ ಕಳೆದಿತ್ತು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ರವಿಕೆ ಸಡಿಲವಾಗಿತ್ತು. ಮೆಡಿಕಲ್ ಶಾಪಿನ ಸಿರಪ್ಪು ಎರಡು ಬಾಟಲಿ ಖಾಲಿಯಾದರೂ ಕೆಮ್ಮು ಜಗ್ಗಲಿಲ್ಲ.

ಆಶಾ ಕಾರ್ಯಕರ್ತೆ ಪ್ರೇಮಲತಾ ಬಂದವಳೇ ಹೇಳಿದಳು: "ಎರಡು ವಾರ ದಾಟಿದ ಕೆಮ್ಮನ್ನ ಸುಮ್ನೆ ಬುಡ್ಬಾರ್ದು ಕಣಕ್ಕ. ನಾಳೇನೇ ಬಾ, ಕಫ ಪರೀಕ್ಷೆ ಮಾಡ್ಸೋಣ. ಸರ್ಕಾರಿ ಆಸ್ಪತ್ರೇಲಿ ಎಲ್ಲಾ ಫ್ರೀ."

ನರಸಮ್ಮನ ಗಂಡ ಗಂಗರಾಜು ರೇಗಿದ. "ಮಗಳು ದೀಪಿಕಾಗೆ ಗಂಡು ನೋಡ್ತಾ ಇದೀವಿ. ಟಿ.ಬಿ. ಅಂತ ಗೊತ್ತಾದ್ರೆ ಯಾರಮ್ಮ ನಮ್ ಬಾಗ್ಲಿಗೆ ಬರ್ತಾರೆ?"

"ಮುಚ್ಚಿಟ್ರೆ ಆ ಹುಡ್ಗೀಗೂ ಹರಡ್ಬೋದು ಅಣ್ಣ. ಇದು ಗಾಳೀಲಿ ಬರೋ ಬ್ಯಾಕ್ಟೀರಿಯಾ. ಕೆಮ್ಮಿದಾಗ ಹೊರಗೆ ಬಂದು ಗಾಳೀಲಿ ತೇಲ್ತಾ ಇರುತ್ತೆ, ಉಸಿರಾಡಿದೋರ ಎದೆಯೊಳಕ್ಕೆ ಹೋಗುತ್ತೆ. ತಟ್ಟೆ ಲೋಟದಿಂದ ಬರಲ್ಲ, ಶಾಪದಿಂದಂತೂ ಬರಲ್ಲ."

ನರಸಮ್ಮ ಗಂಡನ ಮುಖ ನೋಡಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದಳು. ಹಾಕಿದ್ದ ಕಿಟಕಿಗಳನ್ನು ಒಂದೊಂದಾಗಿ ತೆರೆದಳು. "ನಾಳೆ ಎಷ್ಟೊತ್ತಿಗೆ ಬರ್ಲಿ?" ಎಂದು ಪ್ರೇಮಲತಾಳನ್ನು ಕೇಳಿದಳು.

ಪರೀಕ್ಷೆಯಲ್ಲಿ ಟಿ.ಬಿ. ಎಂದೇ ಬಂತು. ಮನೆಯವರಿಗೂ ತಪಾಸಣೆಯಾಯಿತು. ಅವರಿಗೆ ಕಾಯಿಲೆ ಇರಲಿಲ್ಲ. ಮುಂದೆ ಬಾರದಿರಲೆಂದು ಡಾಕ್ಟರು ಅವರಿಗೂ ಮಾತ್ರೆ ಕೊಟ್ಟರು. ನರಸಮ್ಮನಿಗೆ ಆರು ತಿಂಗಳ ಮಾತ್ರೆ. ಎರಡನೇ ತಿಂಗಳಿಗೇ ಕೆಮ್ಮು ನಿಂತು ಮೈ ತುಂಬಿಕೊಂಡಿತು.

"ವಾಸಿಯಾಯ್ತಲ್ಲ, ಇನ್ಯಾಕೆ ಮಾತ್ರೆ?" ಅಂದ ಗಂಗರಾಜು.

"ಅರ್ಧಕ್ಕೆ ಬುಟ್ರೆ ಕಾಯ್ಲೆ ತಿರುಗಿ ಬಂದು ಈ ಮಾತ್ರೆಗೆ ಜಗ್ಗಲ್ವಂತೆ," ಎಂದವಳೇ ನರಸಮ್ಮ ಅವನೆದುರೇ ಮಾತ್ರೆ ನುಂಗಿ ನೀರು ಕುಡಿದಳು.

ಐದನೇ ತಿಂಗಳು ಮುಗಿಯುವ ಹೊತ್ತಿಗೆ ಕೊತ್ತಗೆರೆಯಿಂದ ಹೆಣ್ಣು ನೋಡಲು ಬಂದರು. ಹುಡುಗ, ಹುಡುಗಿ ಇಬ್ಬರೂ ಒಪ್ಪಿದರು. ಹುಡುಗನ ತಾಯಿ ಹನುಮಕ್ಕ ಕಾಫಿ ಕುಡಿಯುತ್ತಿದ್ದಾಗ ನರಸಮ್ಮ ತಾನಾಗಿಯೇ ಬಾಯಿ ಬಿಟ್ಟಳು.

"ನಂಗೆ ಟಿ.ಬಿ. ಬಂದಿತ್ತು ಕಣಕ್ಕ. ಮಾತ್ರೆ ತಗೋತಾ ಇದೀನಿ, ಈಗ ಕಫದಲ್ಲಿ ಏನೂ ಇಲ್ಲ ಅಂದವ್ರೆ. ಬೇರೆಯೋರ ಬಾಯಿಂದ ನಿಮ್ಗೆ ಗೊತ್ತಾಗೋದು ಬ್ಯಾಡ ಅಂತ ನಾನೇ ಹೇಳ್ತಾ ಇದೀನಿ."

ಗಂಗರಾಜು ತಲೆ ತಗ್ಗಿಸಿದ. ಹನುಮಕ್ಕ ಲೋಟ ಕೆಳಗಿಟ್ಟಳು.

"ಮಾತ್ರೆ ಇನ್ನೆಷ್ಟು ದಿನ ಐತೆ?"

"ಒಂದು ತಿಂಗಳು."

"ಮುಗ್ಸು. ಆಮೇಲೆ ಲಗ್ನ ಇಟ್ಕೊಳ್ಳೋಣ. ಇಂಥ ಗಟ್ಟಿಗಿತ್ತಿಯ ಮಗಳೇ ನಮ್ಮನೆಗೆ ಬೇಕು."

ಗಂಗರಾಜು ತಲೆಯೆತ್ತಿ ಹೆಂಡತಿಯನ್ನು ನೋಡಿದ. ಅವನ ಎದೆ ಹೆಮ್ಮೆಯಿಂದ ಉಬ್ಬಿತು. ನರಸಮ್ಮ ಆರು ತಿಂಗಳ ಮಾತ್ರೆ ಮುಗಿಸಿ ಪೂರ್ತಿ ವಾಸಿಯಾದಳು. ಈಗ ಊರಲ್ಲಿ ಯಾರು ಬಿಡದೆ ಕೆಮ್ಮಿದರೂ, "ನಮ್ಮನೆಯೋಳು ಗೆದ್ದವಳೆ, ನೀನೂ ಹೋಗು," ಎಂದು ಅವನೇ ಆಸ್ಪತ್ರೆಗೆ ಕಳಿಸುತ್ತಾನೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಎರಡು ವಾರದಿಂದ ಕೆಮ್ಮು ಇದೆಯೇ? ಇವತ್ತೇ ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಹೇಳಿ. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಿರಿ, ಮನೆಯೊಳಗೆ ಗಾಳಿ ಬೆಳಕು ಬರಲಿ, ಶುರು ಮಾಡಿದ ಮಾತ್ರೆಯನ್ನು ಡಾಕ್ಟರು ಹೇಳುವವರೆಗೂ ಬಿಡಬೇಡಿ. ನರಸಮ್ಮ ನಾಚಿಕೊಳ್ಳಲಿಲ್ಲ. ನೀವೂ ನಾಚಬೇಡಿ.