ಲ್ಯಾಪ್‌ಟಾಪಿನ ಉಣ್ಣೆ ಕೋಟು

ಕಾಜಾನ ಮನೆಯ ಲ್ಯಾಪ್‌ಟಾಪಿನಷ್ಟು ಬಿಸಿಯಾಗುವ ವಸ್ತು ಈ ಭೂಮಿಯ ಮೇಲೆ ಇನ್ನೊಂದಿರಲಿಲ್ಲ. ಎರಡನೆಯ ಸ್ಥಾನ ಅವನ ಹೆಂಡತಿಯ ನಾಲಿಗೆಗೆ. ಸ್ವಲ್ಪ ಹೊತ್ತು ಓಡಿದರೆ ಸಾಕು, ಒಳಗಿನ ಫ್ಯಾನು ಬೊಬ್ಬೆ ಹೊಡೆಯುತ್ತಿತ್ತು. ವಿಮಾನ ಇಳಿಯಿತೆಂದು ಹಿಂದಿನ ಬೀದಿಯವರು ತಾರಸಿ ಹತ್ತುತ್ತಿದ್ದರು. ಆಮೇಲೆ ಟಪ್ ಎಂದು ತೆರೆ ಕಪ್ಪಾಗುತ್ತಿತ್ತು.

ಆದರೆ ಅಂದಿನ ಟಪ್ಪಿಗೆ ಕಾಜಾನ ಎದೆಯೇ ಧಸಕ್ಕೆಂದಿತು. ಎದುರಿಗೆ, ಅವನು ಅಕ್ಕ ಎಂದು ಕರೆಯುವ ಮಾಸ್ಟರ ಮಗಳು ಕೂತಿದ್ದಳು.

ಕಾಜಾ ಎಂದರೆ ಅಂಗಿಯ ಗುಂಡಿ ತೂರಿಸುವ ತೂತು. ಮಾಸ್ಟರ ಟೈಲರ್ ಅಂಗಡಿಯಲ್ಲಿ ಅವನ ಕೆಲಸ ಅದೇ, ಕೊನೆಗೆ ಹೆಸರೂ ಅದೇ ಆಯಿತು. ಅವನು ಹಾಕಿದ ಕಾಜಾದೊಳಗೆ ಹೊಕ್ಕ ಗುಂಡಿಗೆ ಹೊರಗೆ ಬರಲು ಮನಸ್ಸೇ ಆಗದೆ, ಗಿರಾಕಿಗಳು ಅಂಗಿಯಲ್ಲೇ ಸ್ನಾನ ಮಾಡುತ್ತಿದ್ದರಂತೆ. ಇನ್ನು ಮಾಸ್ಟರೋ, ನಡೆದು ಹೋಗುವವನ ನೆರಳು ನೋಡಿ ಸೂಟು ಹೊಲಿದಾರು. ಅಂಗಡಿ ಮುಚ್ಚಿದ ದಿನ ಕಾಜಾ ಒಂದು ವಿಡಿಯೋ ತೆಗೆದು ಈ ಲ್ಯಾಪ್‌ಟಾಪಿಗೆ ಹಾಕಿಟ್ಟಿದ್ದ. ಅದರ ಕೊನೆಯಲ್ಲಿ ಮಾಸ್ಟರು ನಗುತ್ತಾರೆ. ಅವರು ತೀರಿಹೋದ ಮೇಲೆ ಆ ನಗು ಬೇರೆಲ್ಲೂ ಉಳಿದಿರಲಿಲ್ಲ.

"ನಿಮ್ಮಪ್ಪನ ನಗು ಕೇಳಿಸ್ತೀನಿ ಬಾ ಅಕ್ಕ ಅಂತ ಊರೆಲ್ಲಾ ಡಂಗುರ ಹೊಡೆದ್ರಿ," ಎಂದಳು ಹೆಂಡತಿ. "ಈಗ ನೋಡಿ, ಊರೇ ನಗೋ ಹಾಗಾಯ್ತು."

"ಸ್ವಲ್ಪ ತಣ್ಣಗಾಗ್ಲಿ ಕಣೇ."

ತಣ್ಣಗಾಗಿಸಲು ಅವನು ಮಾಡದ ಸಾಹಸವಿಲ್ಲ. ಟೇಬಲ್ ಫ್ಯಾನಿಟ್ಟ. ಬೀಸಣಿಗೆ ಬೀಸಿದ. ಫ್ರಿಜ್ಜಿನೊಳಗೆ ಹಾಲಿನ ಪಕ್ಕ ಮಲಗಿಸಿದ; ಲ್ಯಾಪ್‌ಟಾಪು ತಣಿಯಲಿಲ್ಲ, ಹಾಲು ಉಕ್ಕಿತು. ವಿಡಿಯೋವನ್ನು ಮುಂದಕ್ಕೆ ಎಳೆದರೆ ಚಿತ್ರ ಕಲ್ಲಾಗಿ ನಿಲ್ಲುತ್ತಿತ್ತು. ಪೆನ್‌ಡ್ರೈವ್ ಚುಚ್ಚೋಣವೆಂದರೆ ಚುಚ್ಚುವ ಜಾಗವೇ ಕೋಟಿನೊಳಗೆ.

ಹೌದು, ಲ್ಯಾಪ್‌ಟಾಪಿಗೆ ಕೋಟಿತ್ತು. ಆ ಅಂಗಡಿಯಲ್ಲಿ ಯಾವುದೂ ಬರಿಮೈಯಲ್ಲಿರಕೂಡದು. ಗೋಡೆ ಗಡಿಯಾರಕ್ಕೆ ಜುಬ್ಬಾ, ನೀರಿನ ಹೂಜಿಗೆ ಲಂಗ. ಉಳಿದಿದ್ದ ಲ್ಯಾಪ್‌ಟಾಪಿಗೆ, ಅಂಗಡಿ ಮುಚ್ಚಿದ ದಿನ ವಿಡಿಯೋ ಹಾಕಿ ಕಾಜಾನ ಕೈಗೆ ಕೊಡುವಾಗ ಮಾಸ್ಟರು, "ಪಾಪ, ಚಳಿಗೆ ಸತ್ತೀತು," ಎಂದು ಉಣ್ಣೆಯ ಬಟ್ಟೆಯೊಳಗೆ ಹತ್ತಿ ತುಂಬಿ, ಅಡಿಯಿಂದ ಅಂಚಿನವರೆಗೆ ಮೈಮೇಲೇ ಹೊಲಿದುಬಿಟ್ಟಿದ್ದರು. ಅವರ ಕೈಯ ಕೊನೆಯ ಹೊಲಿಗೆ ಅದು.

ಅಕ್ಕ ಲ್ಯಾಪ್‌ಟಾಪನ್ನು ಬೋರಲು ಮಾಡಿ ಸವರಿದಳು. "ಇದಕ್ಕೆ ಉಸಿರಾಡೋಕೆ ಜಾಗ ಎಲ್ಲೋ ಇದೆ? ಬಿಚ್ಚೋ ಇದನ್ನ."

ಕಾಜಾನ ಮುಖ ಸುಣ್ಣದಂತಾಯಿತು. "ಮಾಸ್ಟರ ಹೊಲಿಗೇನಾ? ಒಬ್ಬರು ಹಾಕಿದ್ದನ್ನ ಇನ್ನೊಬ್ಬರು ಬಿಚ್ಚಬಾರ್ದು ಅನ್ನೋದು ನಮ್ಮಂಗಡಿ ಕಟ್ಟಳೆ ಅಕ್ಕ. ತಪ್ಪಾಗಿದ್ರೆ ಹಾಕಿದೋರೇ ಬಿಚ್ಬೇಕು."

"ಹಾಕಿದೋರನ್ನ ಎಲ್ಲಿಂದ ಕರ್ಕೊಂಡ್ ಬರ್ತೀರಿ?" ಎಂದಳು ಹೆಂಡತಿ.

ಅಕ್ಕ ತನ್ನ ರವಿಕೆಯ ತೋಳು ಹಿಡಿದು ತೋರಿಸಿದಳು. "ನೋಡಿಲ್ಲಿ, ಅಪ್ಪ ಹೊಲಿದಿದ್ದು. ಬೀರು ತುಂಬ ಅಪ್ಪನ ಹೊಲಿಗೇನೇ ಕಣೋ. ದನಿ ಮಾತ್ರ ಒಂದು ಚೂರೂ ಇಲ್ಲ. ಹೋದ ವರ್ಷದವರೆಗೂ ಕಿವಿಯಲ್ಲಿತ್ತು. ಈಗ ಎಷ್ಟು ಕಣ್ಮುಚ್ಚಿ ಕೂತ್ರೂ ಬರ್ತಿಲ್ಲ."

ಕಾಜಾ ಎದ್ದು ಹೋಗಿ ಬ್ಲೇಡು ತಂದ.

ಮಾಸ್ಟರ ಹೊಲಿಗೆ ಮಾಸ್ಟರಷ್ಟೇ ಹಟಮಾರಿ. ಒಂದೊಂದು ನೂಲಿಗೂ ಆನೆ ಕಟ್ಟಬಹುದಿತ್ತು. ಬಟ್ಟೆಗೆ ಗೀರು ಬೀಳದಂತೆ, ಉಸಿರು ಬಿಗಿಹಿಡಿದು, ಅವನು ಒಂದೊಂದೇ ಎಳೆ ಬಿಡಿಸಿದ. ಬಿಡಿಸುತ್ತ ಹೋದಂತೆ ಉಣ್ಣೆಯಿಂದ ಹಳೆಯ ಅಂಗಡಿಯ ವಾಸನೆ ಎದ್ದಿತು: ಇಸ್ತ್ರಿಯ ಹಬೆ, ಮಷಿನ್ನಿನ ಎಣ್ಣೆ, ಗುರುತು ಹಾಕುವ ಸೀಮೆಸುಣ್ಣ. ಅವನು ಮೂಗೊರೆಸಿಕೊಂಡ. "ಹತ್ತಿ ಧೂಳು," ಎಂದ. ಯಾರೂ ಕೇಳಿರಲಿಲ್ಲ.

ಫ್ಯಾನಿನ ಕಿಂಡಿಯಲ್ಲಿ ಹತ್ತಿ ಹಾಸಿಗೆ ಹಾಸಿಕೊಂಡು ಮಲಗಿತ್ತು. ಅದನ್ನು ಹೆಕ್ಕಿ ತೆಗೆದು, ಲ್ಯಾಪ್‌ಟಾಪನ್ನು ಎರಡು ನೂಲಿನ ಉಂಡೆಗಳ ಮೇಲೆ ಎತ್ತರಿಸಿಟ್ಟು ವಿಡಿಯೋ ಹಚ್ಚಿದ.

ಮಷಿನ್ನುಗಳು ಒಟ್ಟಿಗೆ ಓಡತೊಡಗಿದವು. ಕಿಟಕಿಯ ಬಿಸಿಲು, ನೆಲದ ತುಂಬ ಬಟ್ಟೆಯ ಚೂರು. ಟಪ್ ಎನ್ನುವ ಜಾಗ ಬಂತು; ಮೂವರೂ ಕಣ್ಣು ಮುಚ್ಚಿದರು. ಚಿತ್ರ ದಾಟಿ ಹೋಯಿತು. ಕಿವಿಯ ಮೇಲೆ ಸೀಮೆಸುಣ್ಣ ಸಿಕ್ಕಿಸಿಕೊಂಡ ಮಾಸ್ಟರು ತಿರುಗಿ ನೋಡಿದರು.

"ಲೇ ಕಾಜಾ, ನನ್ನ ಬೊಕ್ಕತಲೆನ್ಯಾಕೋ ತೆಗೀತೀಯ? ಬೆಳಕು ಜಾಸ್ತಿಯಾಗಿ ಕ್ಯಾಮೆರಾ ಕುರುಡಾಗುತ್ತೆ!" ಎಂದು ನಕ್ಕರು. ದಾರವಿಲ್ಲದ ಮಷಿನ್ನು ಓಡಿದಂತೆ, ಕಟಕಟಕಟ, ನಿಲ್ಲಲೊಲ್ಲದ ನಗು.

ಅಕ್ಕ ಸೆರಗನ್ನು ಬಾಯಿಗೊತ್ತಿಕೊಂಡಳು. ಒಳಗೆ ಅಳುವಿತ್ತೋ ಅದೇ ಕಟಕಟ ನಗುವಿತ್ತೋ, ಭುಜಗಳು ಮಾತ್ರ ಕುಲುಕುತ್ತಿದ್ದವು.

ವಿಡಿಯೋ ಮುಗಿಯಿತು. ಲ್ಯಾಪ್‌ಟಾಪು ಆರಲಿಲ್ಲ. ಇಷ್ಟು ವರ್ಷ ಹೇಳದೆ ಕೇಳದೆ ಕಣ್ಣು ಮುಚ್ಚುತ್ತಿದ್ದ ಅದು, ಇಂದು ಯಾರಾದರೂ ಆರಿಸಲೆಂದು ಕಾಯುತ್ತ ಕೂತಿತ್ತು. ಕಾಜಾ ಕೈ ಚಾಚಿದ.

ಅಕ್ಕ ಅವನ ಮಣಿಕಟ್ಟು ಹಿಡಿದಳು. "ಇರ್ಲಿ ಬಿಡೋ," ಎಂದಳು.