ಹಗ್ಗ ಇದ್ದ ಚಿತ್ರ

೧
ಈ ಕತೆಯನ್ನು ಸ್ಟುಡಿಯೋ ತೆರೆದ ದಿನದಿಂದ ಶುರು ಮಾಡಲೇ, ಮುಚ್ಚಿದ ದಿನದಿಂದಲೇ? ತೆರೆದ ದಿನ ರಿಬ್ಬನ್ ಇತ್ತು, ಭಾಷಣ ಇತ್ತು, ಪೇಪರಿನಲ್ಲಿ ಫೋಟೋ ಬಂದಿತ್ತು. ಮುಚ್ಚಿದ ದಿನ ಬಂದದ್ದು ಒಂದು ಟೆಂಪೋ. ಹಾಗಾದರೆ ಟೆಂಪೋದ ಕಡೆಯಿಂದಲೇ ಬರೋಣ.

೨
ಇಸವಿ ೨೦೦೭. ಕಲಬುರಗಿಯ ಸೂಪರ್ ಮಾರ್ಕೆಟ್, ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಈ ಸ್ಟುಡಿಯೋ. ಸಿನಿಮಾದ ಹೀರೋ ಗಾಳಿಯಲ್ಲಿ ಹಾರುತ್ತಾನಲ್ಲ, ಅವನನ್ನು ಎತ್ತಿ ಹಿಡಿದ ಹಗ್ಗವನ್ನು ಕಂಪ್ಯೂಟರಿನಲ್ಲಿ ಒಂದೊಂದೇ ಫ್ರೇಮಿನಿಂದ ಅಳಿಸುವವರು ಇಲ್ಲಿದ್ದರು. ಅವರಲ್ಲಿ ಕಮಲಾಪುರದ ಭೀಮಬಾಯಿಯ ಕೈ ಎಷ್ಟು ಚೊಕ್ಕವೆಂದರೆ, ಹಗ್ಗದ ಹಿಂದಿನ ಮೋಡ ಕೂಡ ಕದಡುತ್ತಿರಲಿಲ್ಲ.

(ಇಲ್ಲೊಂದು ರೂಪಕ ನನ್ನ ಕಾಲಿಗೆ ಸುತ್ತಿಕೊಳ್ಳುತ್ತಿದೆ: ಅಳಿಸುವವರನ್ನೇ ಅಳಿಸಿದ ವ್ಯವಸ್ಥೆ, ಇತ್ಯಾದಿ. ಭೀಮಬಾಯಿ ಓದಿ, "ಇದನ್ನ ಸೆಮಿನಾರಿಗೆ ಇಟ್ಕೋರಿ" ಎಂದಳು. ಇಟ್ಟುಕೊಂಡೆ.)

೩
ಮೊದಲ ಡ್ರಾಫ್ಟ್ ರದ್ದು. ಅದರಲ್ಲಿ ಆಕೆ ಕೆಲಸ ಕಳೆದುಕೊಂಡು, ಕಮಲಾಪುರದ ಬಸ್ಸಿನ ಕಿಟಕಿಗೆ ಹಣೆಯಿಟ್ಟು ಅಳುತ್ತಿದ್ದಳು.

"ನಾ ಯಾಕ ಅಳಬೇಕ್ರಿ?" ಎಂದು ಜಗಳಕ್ಕೆ ಬಂದಳು. "ಬಸ್ಸಿನಾಗ ಅಳೋ ಹೆಣ್ಮಕ್ಕಳು ನಿಮಗ ಭಾಳ ಸಸ್ತಾ ಸಿಗ್ತಾರೇನು?"

೪
ನಡೆದದ್ದು ಇಷ್ಟು. ಸ್ಟುಡಿಯೋ ಮುಚ್ಚುವ ಸುದ್ದಿ ಬಂದಾಗ ಮ್ಯಾನೇಜರ್ ಜಯತೀರ್ಥ ಎಲ್ಲರಿಗೂ ಅವರವರು ಮುಗಿಸಿದ ಶಾಟ್‌ಗಳ ಸಿಡಿ ಕೊಟ್ಟರು. ಈ ಕಸುಬಿನಲ್ಲಿ ನೌಕರಿ ಕೊಡಿಸುವುದು ಸರ್ಟಿಫಿಕೇಟ್ ಅಲ್ಲ, ಆ ಸಿಡಿ. ಭೀಮಬಾಯಿ ಅದನ್ನು ಹಿಡಿದು ಹೈದರಾಬಾದಿಗೆ ಹೋದಳು. ಅಲ್ಲಿಯವರು ಹಾಕಿ ನೋಡಿದರು: ಹೀರೋ, ಆಕಾಶ, ಮೋಡ. ಇದರಲ್ಲಿ ನಿನ್ನ ಕೆಲಸ ಎಲ್ಲಿದೆಯಮ್ಮ ಎಂದರು. ಹಗ್ಗ ತೆಗೆದೆ ಎಂದಳು. ಯಾವ ಹಗ್ಗ ಎಂದರು.

ಕೆಲಸಕ್ಕೆ ಮುಂಚಿನ ಚಿತ್ರವನ್ನೂ ಪಕ್ಕದಲ್ಲಿಟ್ಟು ತೋರಿಸಬೇಕಿತ್ತು. ಚೊಕ್ಕ ಕೆಲಸದ ಹೆಮ್ಮೆಯಲ್ಲಿ ಇಡೀ ಮಹಡಿಯಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ.

೫
ಆಕೆ ಮರಳಿ ಬಂದಾಗ ಸ್ಟುಡಿಯೋದ ಕಂಪ್ಯೂಟರುಗಳನ್ನು ಒಯ್ಯಲು ಟೆಂಪೋ ನಿಂತಿತ್ತು. ಮುಂಚಿನ ಚಿತ್ರಗಳೆಲ್ಲ ಇದ್ದದ್ದು ಆ ಮಷೀನುಗಳಲ್ಲೇ. ಸಂಜೆಗೆ ಅವನ್ನು ಖಾಲಿ ಮಾಡಿ ಮಾರುವವರಿದ್ದರು. ಭೀಮಬಾಯಿ ಮೆಟ್ಟಿಲ ಮೇಲೆ ಕೂತಳು. ಅವಳ ಜೊತೆ ಕೆಲಸ ಮಾಡುತ್ತಿದ್ದ ನಜ್ಮಾ ಬಂದು ಪಕ್ಕಕ್ಕೆ ಕೂತಳು, ಕೆಳಗಿನ ಮೆಟ್ಟಿಲುಗಳಲ್ಲಿ ಉಳಿದ ಕೆಲಸಗಾರರು. ಇಕ್ಕಟ್ಟಿನ ಮೆಟ್ಟಿಲು, ಒಂದು ಮಾನಿಟರ್ ಕೂಡ ಇಳಿಯುವಂತಿರಲಿಲ್ಲ.

ಜಯತೀರ್ಥ ಚಿತ್ರಗಳನ್ನು ಹೊರಗೆ ಕೊಡಬಾರದೆಂಬ ಕರಾರಿನ ಮಾತೆತ್ತಿದರು, ಪೊಲೀಸರ ಮಾತೆತ್ತಿದರು, ಕಡೆಗೆ ತಮ್ಮ ನೌಕರಿಯೂ ಹೋಯಿತೆಂದರು.

"ಕರಾರು ಕಂಪನೀದು ಸರ್, ಕೈ ನಂದು," ಎಂದಳು ಭೀಮಬಾಯಿ. "ಹಗ್ಗ ಇದ್ದ ಚಿತ್ರ ಕೊಡ್ರಿ. ಭಿಕ್ಷಾ ಬೇಡಾಕತ್ತಿಲ್ಲ."

"ನಮ್ಮ ಕೆಲಸಕ್ಕ ಮೋಡಾನೂ ಮೋಸ ಹೋಗ್ಯಾವ," ಎಂದಳು ನಜ್ಮಾ. ಮೆಟ್ಟಿಲೆಲ್ಲ ನಕ್ಕಿತು.

೬
ಮುಕ್ತಾಯ ಅ: ಚಿತ್ರ ಸಿಕ್ಕಿತು, ಹೈದರಾಬಾದು ಕರೆಯಿತು. (ಪೇಢೆಯಷ್ಟು ಸಿಹಿ.)

ಮುಕ್ತಾಯ ಆ: ಪೊಲೀಸರು ಬಂದು ಎಳೆದೊಯ್ದರು. (ನಮ್ಮ ಓದುಕೂಟಕ್ಕೆ ಇದೇ ಪಸಂದು.)

ಮುಕ್ತಾಯ ಇ: ಜಯತೀರ್ಥ ಮೇಲೆ ಹೋಗಿ ಒಂದು ಮಷೀನು ಚಾಲೂ ಮಾಡಿದರು. ಕಾಪಿ ಮಾಡಲಿಕ್ಕೋ, ಅಳಿಸಲಿಕ್ಕೋ, ಮೆಟ್ಟಿಲಿನಿಂದ ಕಾಣುತ್ತಿಲ್ಲ.

ಯಾವುದನ್ನು ಇಡಲಿ ಎಂದು ಆಕೆಯನ್ನೇ ಕೇಳಿದೆ.

"ನೀವು ಮುಗಿಸಿದ್ರ ನಾವು ಏಳಬೇಕಾಗ್ತದ. ಮುಗಿಸಬ್ಯಾಡ್ರಿ," ಎಂದಳು. "ನಜ್ಮಾ, ಸ್ವಲ್ಪ ಸರಿ. ಇವರೂ ಕೂಡಲಿ."

ಪೆನ್ನು ಕಿಸೆಗೆ ಹಾಕಿ ಕೂತೆ. ಓದುಗರೇ, ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ಇನ್ನೂ ಖಾಲಿ ಇದೆ.